ಇಮಾಮಸಾಹೇಬರ ಗುಲಾಬಿಗೆ ನಾನು ಕಟ್ಟಿದ ಚೀಟಿ

ಇಮಾಮಸಾಹೇಬರು ತೀರಿಕೊಂಡ ಮೇಲೆ ಹೂವಿನ ಬೆಳೆಗಾರರೆಲ್ಲ ಸೇರಿ ಸವಣೂರಿನಲ್ಲಿ ಒಂದು ಸಭೆ ಇಟ್ಟಿದ್ದರು. ವರ್ಷಗಟ್ಟಲೆ ಅವರ ತೋಟಕ್ಕೆ ಓಡಾಡಿದವನು, ತೋಟಗಾರಿಕೆಯ ಸರ್ಕಾರಿ ನೌಕರಿ ಮುಗಿಸಿದ ಹಿರಿಯ ಎಂದು ನನ್ನ ಕೈಗೂ ಮೈಕು ಕೊಟ್ಟರು. ಐದು ನಿಮಿಷ ಮಾತಾಡಿದೆ. ಸಾಹೇಬರ ತಾಳ್ಮೆ, ಅವರ ಕೈಗುಣ, ಅವರು ಹುಟ್ಟಿಸಿದ 'ದಾದೀಮಾ' ಗುಲಾಬಿಯ ವಾಸನೆ, ಎಲ್ಲವನ್ನೂ ಹೇಳಿದೆ. ಹೇಳಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ನುಂಗಿಕೊಂಡೆ. ನನ್ನ ಹಿಂದೆಯೇ ಅವರ ಮಗಳು ಶಮೀಮ್ ಎದ್ದು ನಿಂತಳು. "ಅಬ್ಬಾ ಅರ್ಧಕ್ಕ ಬಿಟ್ಟ ಕೆಲಸ ನಾ ಮುಂದುವರಸ್ತೇನ್ರಿ. ಈ ಹಂಗಾಮಿನ್ಯಾಗೂ ಅದ ತಾಯಿಗಿಡ, ಅದ ತಂದಿಗಿಡ. ದಾದೀಮಾಗ ಒಂದು ತಂಗಿ ಹುಟ್ಟೂತನಾ ಬಿಡಂಗಿಲ್ಲ" ಎಂದಳು. ಜನ ತಲೆದೂಗಿದರು. ನನ್ನಿಂದ ಅದು ಆಗಲಿಲ್ಲ.

ಯಾಕೆಂದರೆ ದಾದೀಮಾದ ತಂದೆಗಿಡ ಎಂದು ಸಾಹೇಬರ ದಫ್ತರದಲ್ಲಿ, ಅಂದು ಹಂಚಿದ ಕರಪತ್ರದಲ್ಲಿ, ಎಲ್ಲ ಕಡೆ ಬರೆದಿರುವುದು ತಪ್ಪು. ಆ ತಪ್ಪು ನನ್ನ ಕೈಯಿಂದ ಆದದ್ದು. ಅದನ್ನು ನಿಜವೆಂದು ನಂಬಿ ಸಾಹೇಬರು ಹದಿನಾರು ಹಂಗಾಮು ಕಳೆದರು. ಇನ್ನು ಅವರ ಮಗಳೂ ಕಳೆಯಲು ಹೊರಟಿದ್ದಳು.

ಸಭೆ ಮುಗಿದ ಮೇಲೆ, ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಮೂರು ಜನ ಬಂದು, "ಸರ್, ನಿಮ್ಮ ಅನುಭವ ಬರದು ಕೊಡ್ರಿ, ನಮಗ ಉಪಯೋಗ ಆಕ್ಕೈತಿ" ಎಂದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಬಿಡುತ್ತೇನೆ. ಅದು ವಯಸ್ಸಾದ ಹಾಗೆ ತಾನಾಗಿ ಬರುತ್ತದೆ. ಮಾಡಿದ ಎಡವಟ್ಟುಗಳನ್ನು ಹೇಳುತ್ತೇನೆ, ಅವನ್ನು ನಾನೇ ಕಷ್ಟಪಟ್ಟು ಸಂಪಾದಿಸಿದ್ದು.

ನಾನು ಕೆಲಸಕ್ಕೆ ಸೇರಿದಾಗ ಗಿಡದ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಪರೀಕ್ಷೆಗೆ ಓದಿಕೊಂಡಷ್ಟು. ಶಿಗ್ಗಾಂವಿಯ ಕಡೆ ಮೊದಲ ನೇಮಕ. ಗೊಟಗೋಡಿಯ ರೈತರೊಬ್ಬರು ಮನೆ ಮುಂದೆ ಒಂದು ಸಾಲು ಗುಲಾಬಿ ಹಚ್ಚಿದ್ದರು. ಬೇಸಿಗೆ ನೆತ್ತಿ ಸುಡುವ ಹೊತ್ತಿನಲ್ಲಿ ಹೋಗಿ, "ಇವನ್ನು ಚೆನ್ನಾಗಿ ಸವರಬೇಕು" ಎಂದು ನಾನೇ ಕತ್ತರಿ ಹಿಡಿದು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಪುಸ್ತಕದಲ್ಲಿ ಹಾಗೆ ಬರೆದಿತ್ತು. ಯಾವ ತಿಂಗಳಲ್ಲಿ ಎಂಬುದು ಮುಂದಿನ ಪುಟದಲ್ಲಿತ್ತು. ಎರಡು ವಾರ ಬಿಟ್ಟು ಹೋದರೆ ಸಾಲಿಗೆ ಸಾಲೇ ಕಡ್ಡಿಯಾಗಿತ್ತು. ಆ ರೈತರು ಬೈಯಲಿಲ್ಲ. ಚಹಾ ಕೊಟ್ಟರು. "ಒಲಿಗೆ ಚಲೋ ಆದುವು ಬಿಡ್ರಿ ಸಾಹೇಬ್ರ" ಎಂದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಸುಲಭವಾಗುತ್ತಿತ್ತು.

ಆಗಿನ ಒಬ್ಬ ಮೇಲಧಿಕಾರಿಗೆ ಹೂವಿಲ್ಲದ ಗಿಡ ಕಂಡರೆ ಆಗುತ್ತಿರಲಿಲ್ಲ. ತಪಾಸಣೆಗೆ ಬರುತ್ತೇನೆ ಎಂದು ಹಿಂದಿನ ದಿನ ಸುದ್ದಿ ಕಳಿಸಿದರು. ನಮ್ಮ ಸಸ್ಯಪಾಲನೆಯ ಜಾಗದಲ್ಲಿ ಗಿಡಗಳನ್ನೆಲ್ಲ ಆಗಷ್ಟೇ ಸವರಿದ್ದೆವು, ಒಂದು ಮೊಗ್ಗಿಲ್ಲ. ಏನು ಮಾಡುವುದು? ಬೆಳಗಾಗೆದ್ದು ಸಂತೆಯಿಂದ ಗುಲಾಬಿ ತಂದು, ಬಾಳೆಯ ನಾರಿನಿಂದ ಮುಂದಿನ ಸಾಲಿನ ಕಡ್ಡಿಗಳಿಗೆ ಒಂದೊಂದು ಕಟ್ಟಿದೆವು. ಆ ಅಧಿಕಾರಿ ಬಂದರು, ನೋಡಿ ಖುಷಿಪಟ್ಟರು, ಒಂದು ಹೂವನ್ನು ಮುಟ್ಟಿದರು. ಅದು ನಾರು ಸಮೇತ ಕೈಗೆ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಈ ಜಾತಿಗೆ ತೊಟ್ಟು ಭಾಳ ಮೆತ್ತಗ ಅದನೋ?" ಎಂದರು. "ಹೌದ್ರಿ ಸರ್" ಎಂದೆ. ಹೂವನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಜೀಪು ಹತ್ತಿದರು. ನಾವು ಗೆದ್ದೆವೆಂದು ನಕ್ಕೆವು. ಈಗ ಅನ್ನಿಸುತ್ತದೆ, ಮೇಲಿನವರ ಮುಂದೆ ಸುಳ್ಳು ಸಲೀಸಾಗಿ ದಾಟುತ್ತದೆ ಎಂದು ನಾನು ಕಲಿತದ್ದು ಅವತ್ತು.

ಮುಂದೆ ಸವಣೂರಿಗೆ ಹಾಕಿದರು. ಅಲ್ಲಿ ಇಮಾಮಸಾಹೇಬರ ಪರಿಚಯವಾಯಿತು. ಅವರದು ವೀಳ್ಯದೆಲೆ ಬೆಳೆಯುವ ಮನೆತನ. ಅಪ್ಪ ತೀರಿಕೊಂಡ ಮೇಲೆ ಎಲೆಬಳ್ಳಿಯ ತೋಟದ ಒಂದು ಪಾಲಿನಲ್ಲಿ ಗುಲಾಬಿ ಹಚ್ಚಿ ಮನೆಯವರ ಬೈಗುಳ ತಿಂದವರು. ನಾನು ಇಲಾಖೆಯ ಡೌಲಿನಲ್ಲಿ ಹೋಗಿ, ಗಿಡಕ್ಕೆ ಯಾವ ಗೊಬ್ಬರ ಹಾಕಬೇಕು ಎಂದು ಭಾಷಣ ಶುರುಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಿನ್ನ ಹೆಸರೇನಪಾ?" ಎಂದರು.

"ಬಸಣ್ಣ ಅಂತರಿ."

"ಬಸಣ್ಣ, ನಾಳೆ ಬೆಳಗ್ಗೆ ಆರಕ್ಕ ಬಾ. ಮಾತಾಡಬ್ಯಾಡ, ಬರೇ ನೋಡು."

ಹೋದೆ. ಅವತ್ತಿನಿಂದ ನನ್ನ ನಿಜವಾದ ನೌಕರಿ ಶುರುವಾಯಿತು. ಕಚೇರಿಗೆ ಹೋಗುವ ಮುಂಚೆ ಎರಡು ತಾಸು ಅವರ ತೋಟ. ಹೊಸ ಗುಲಾಬಿ ಹುಟ್ಟಿಸುವುದೆಂದರೆ ಏನು ಎಂದು ಅಲ್ಲಿ ನೋಡಿದೆ. ತಾಯಿಗಿಡದ ಮೊಗ್ಗು ಬಿರಿಯುವ ಮುಂಚೆ ಪಕಳೆ ಕಿತ್ತು, ಒಳಗಿನ ಹಳದಿ ಕೇಸರಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ತೆಗೆಯಬೇಕು. ಮರುದಿನ ಬೇರೆ ಗಿಡದ ಪರಾಗವನ್ನು, ಅಂದರೆ ತಂದೆಯ ಹಳದಿ ಪುಡಿಯನ್ನು, ಬೆರಳ ತುದಿಯಿಂದ ಮುಟ್ಟಿಸಬೇಕು. ಹೂವಿಗೆ ಕಾಗದದ ಕೊಟ್ಟೆ, ಅಂದರೆ ಸಣ್ಣ ಚೀಲ, ಹಾಕಿ, ತಂದೆಯ ಹೆಸರು ಬರೆದ ಚೀಟಿ ಕಟ್ಟಬೇಕು. ಕಾಯಿ ಹಣ್ಣಾಗಲು ನಾಲ್ಕು ತಿಂಗಳು. ಬೀಜಕ್ಕೆ ತಂಪು ಬೇಕು. ಆಗ ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಪರಿಚಯದ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಬಾಟಲಿಗಳ ಹಿಂದೆ ಸಾಹೇಬರ ಬೀಜದ ಡಬ್ಬಿ ಇರುತ್ತಿತ್ತು. ಸಸಿ ಎದ್ದು ಹೂ ಬಿಟ್ಟ ಮೇಲೆ ನೂರರಲ್ಲಿ ತೊಂಬತ್ತೊಂಬತ್ತನ್ನು ಕಿತ್ತು ಒಗೆಯಬೇಕು. ಉಳಿದ ಒಂದನ್ನೂ ಮೂರು ನಾಲ್ಕು ವರ್ಷ ನೋಡಿ ಆಮೇಲೆ ಒಗೆಯಬೇಕು. ಈಗ ನೀವು ಫೋನಿನಲ್ಲಿ ಫೋಟೋ ತೆಗೆದು ಗಿಡದ ಜಾತಕ ಹೇಳುತ್ತೀರಿ. ಆಗ ಗಿಡದ ಹುಟ್ಟಿಗೆ ಸಾಕ್ಷಿ ಎಂದರೆ ಆ ಚೀಟಿ ಒಂದೇ.

ನಡುವೆ ನನ್ನನ್ನು ವಾರದಲ್ಲಿ ಎರಡು ದಿನ ಹಾನಗಲ್ಲಿಗೂ ಹಾಕಿದ್ದರು. ಅಲ್ಲಿ ಗೌರವ್ವ ಎಂಬುವರ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಳೆಯ ನಾಟಿ ಗುಲಾಬಿ ಇತ್ತು. ಹೂವು ಸಣ್ಣದು, ಮುದುರಿದ ಪಕಳೆ, ಬಣ್ಣವೂ ಅಷ್ಟಕ್ಕಷ್ಟೇ. ಆದರೆ ವಾಸನೆ ಓಣಿಗೆಲ್ಲ ಬರುತ್ತಿತ್ತು. ಸಾಹೇಬರಿಗೆ ಹೇಳಿದೆ. "ಹೂ ತರಬ್ಯಾಡ, ಬಾಡಿ ಹೋಗ್ತದ. ಪರಾಗ ಒಣಗಿಸಿ ತಗೊಂಡ ಬಾ" ಎಂದರು. ಸುಣ್ಣದ ಡಬ್ಬಿಯಲ್ಲಿ ತಂದುಕೊಟ್ಟೆ. ಹೀಗಾಗಿ ಸಾಹೇಬರು ಆ ಗಿಡವನ್ನು ಕಣ್ಣಿನಿಂದ ನೋಡಲಿಲ್ಲ, ಅದರ ಹೂ ಮೂಸಲೂ ಇಲ್ಲ. ಇದನ್ನು ಮನಸ್ಸಿನಲ್ಲಿಡಿ.

ಅದೇ ವಾರ ಅವರ ಬಳಿ ಪುಣೆಯ ಕಡೆಯಿಂದ ತರಿಸಿದ ಒಂದು ಗಿಡವೂ ಹೂ ಬಿಟ್ಟಿತ್ತು. ದೊಡ್ಡ ಹೂವು, ಅಂದವಾದ ಮೊಗ್ಗು, ವಾಸನೆ ಸೊನ್ನೆ. ಕೆಂಪು ತಾಯಿಗಿಡ ಒಂದೇ, ಅದಕ್ಕೆ ನಾವು ಕೆಂಪಿ ಎನ್ನುತ್ತಿದ್ದೆವು. ಅದರ ಒಂಬತ್ತು ಹೂವಿನಲ್ಲಿ ಐದಕ್ಕೆ ಪುಣೆಯ ಪರಾಗ, ನಾಲ್ಕಕ್ಕೆ ಹಾನಗಲ್ಲಿನದು. ಸಾಹೇಬರು ಪರಾಗ ಮುಟ್ಟಿಸುತ್ತ ಹೋದರು, ನಾನು ಚೀಟಿ ಕಟ್ಟುತ್ತ ಹೋದೆ.

ಚೀಟಿಯನ್ನು ನೂಲಿನಿಂದ ಕಟ್ಟಬೇಕೆಂಬುದು ಅವರ ಕಟ್ಟುನಿಟ್ಟು. ಅವತ್ತು ನೂಲು ಮುಗಿದಿತ್ತು. ಮನೆಗೆ ಹೋಗಿ ತರುವ ಬದಲು, ಪಕ್ಕದ ಎಲೆತೋಟದಲ್ಲಿ ಬಳ್ಳಿ ಕಟ್ಟಲು ನೆನೆಹಾಕಿದ್ದ ಬಾಳೆಯ ನಾರು ಎತ್ತಿಕೊಂಡೆ. ಎಲೆತೋಟದವರು ಬಳ್ಳಿಯನ್ನು ಬಿಗಿಯಾಗಿ ಕಟ್ಟುವುದಿಲ್ಲ. ಬಳ್ಳಿಗೆ ಉಸಿರಾಡಲು ಜಾಗ ಬಿಟ್ಟು ಸಡಿಲ ಗಂಟು ಹಾಕುತ್ತಾರೆ. ಬಳ್ಳಿ ಮರ ಹಿಡಿದುಕೊಳ್ಳುವ ಹೊತ್ತಿಗೆ ನಾರು ಒಣಗಿ ಕಳಚಿ ಬೀಳಬೇಕು ಎಂಬುದೇ ಅದರ ಲೆಕ್ಕ. ಆ ಗಂಟನ್ನು ನಾನು ಅಲ್ಲೇ ಹೊಸದಾಗಿ ಕಲಿತಿದ್ದೆ, ಕಲಿತ ಹುರುಪಿನಲ್ಲಿ ಒಂಬತ್ತು ಚೀಟಿಗೂ ಅದನ್ನೇ ಹಾಕಿದೆ. ಚಂದ ಕಾಣುತ್ತಿತ್ತು.

ಎರಡು ತಿಂಗಳಾದ ಮೇಲೆ ಸಾಹೇಬರು ನೆಂಟರ ಮದುವೆಗೆಂದು ಬಂಕಾಪುರಕ್ಕೆ ಹೋಗಿದ್ದರು. ನೀರು ಬಿಡಲು ನಾನು ತೋಟಕ್ಕೆ ಬಂದೆ. ಕೆಂಪಿಯ ಬುಡದಲ್ಲಿ ಒಂಬತ್ತೂ ಚೀಟಿ ಬಿದ್ದಿದ್ದವು. ಮೇಲೆ ಒಂಬತ್ತು ಹಸಿರು ಕಾಯಿ, ಒಂದಕ್ಕೊಂದು ಏನೇನೂ ವ್ಯತ್ಯಾಸವಿಲ್ಲ. ಗಿಡದ ಸುತ್ತ ಮೂರು ಸಲ ತಿರುಗಿದೆ. ಎತ್ತರದ ಕೊಂಬೆಗಳದು ಪುಣೆಯದೇ ಇರಬೇಕು ಎಂದು ಒಂದು ಮನಸ್ಸು, ಅಲ್ಲ ಎಂದು ಇನ್ನೊಂದು. ಕೊನೆಗೆ ಎತ್ತರದ ಐದಕ್ಕೆ ಪುಣೆಯ ಚೀಟಿ, ಕೆಳಗಿನ ನಾಲ್ಕಕ್ಕೆ ಹಾನಗಲ್ಲಿನ ಚೀಟಿ ಕಟ್ಟಿದೆ. ಈ ಸಲ ನೂಲಿನಿಂದ, ಎರಡೆರಡು ಗಂಟು ಹಾಕಿ.

ಸಾಹೇಬರು ಬಂದವರೇ ನೂಲು ನೋಡಿದರು. "ನಾರು ತೆಗದು ನೂಲು ಹಾಕೀದಿ? ಶಾಬಾಸ್! ನಾನ ಹೇಳಬೇಕಂತಿದ್ದೆ" ಎಂದು ಬೆನ್ನು ತಟ್ಟಿದರು. ಆಗಲೇ ಹೇಳಿಬಿಡಬೇಕಾಗಿತ್ತು. ಒಂಬತ್ತು ಕಾಯಿ ಹಾಳಾಗುತ್ತಿದ್ದವು, ಎರಡು ದಿನ ಬೈಯುತ್ತಿದ್ದರು, ಮುಗಿಯುತ್ತಿತ್ತು. ಆದರೆ ಬೆನ್ನು ತಟ್ಟಿಸಿಕೊಂಡ ಮೇಲೆ ಬಾಯಿ ಬರಲಿಲ್ಲ. ಒಂಬತ್ತೇ ಕಾಯಿ ತಾನೆ, ಏನು ಹುಟ್ಟೀತು ಎಂದು ಸುಮ್ಮನಾದೆ.

ಹುಟ್ಟಿತು. ಪುಣೆಯ ಚೀಟಿ ಇದ್ದ ಒಂದು ಕಾಯಿಯ ಸಸಿ ಮುಂದಿನ ವರ್ಷ ಹೂ ಬಿಟ್ಟಿತು. ಗುಲಾಬಿಯೂ ಅಲ್ಲದ ಕೆಂಪೂ ಅಲ್ಲದ ಬಣ್ಣ, ಬಿಸಿಲಿಗೆ ಸುಟ್ಟುಹೋಗದ ಪಕಳೆ. ಸಾಹೇಬರು ಮೂಸಿ ಕಣ್ಣು ಮುಚ್ಚಿದರು. ನನ್ನ ಕೈಗೆ ಕೊಟ್ಟರು. ಮೂಗಿಗೆ ಹಿಡಿದ ಕೂಡಲೇ ನನಗೆ ಗೌರವ್ವನ ಹಿತ್ತಲು, ಒಗೆಯುವ ಕಲ್ಲು, ಹಸಿ ಬಟ್ಟೆಯ ವಾಸನೆ ಎಲ್ಲ ನೆನಪಾಯಿತು. ಅದು ಹಾನಗಲ್ಲಿನ ಗಿಡದ ಕೂಸು. ಅದರಲ್ಲಿ ನನಗೆ ಆವತ್ತೂ ಅನುಮಾನ ಇರಲಿಲ್ಲ, ಇವತ್ತೂ ಇಲ್ಲ.

"ವಾಸನಿ ಇಲ್ಲದ ತಂದಿಗೆ ಇಂಥಾ ಮಗಳು ಹುಟ್ಟ್ಯಾಳ ನೋಡೋ ಬಸಣ್ಣ! ಯಾವ ಅಜ್ಜಿ ಕಡಿಂದ ಬಂತೋ!" ಎಂದು ಸಾಹೇಬರು ಕುಣಿದಾಡಿದರು. ಅದಕ್ಕೇ 'ದಾದೀಮಾ' ಎಂದು ಹೆಸರಿಟ್ಟರು. ಅವರ ಮನೆಯಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಹಾನಗಲ್ಲಿನ ಚೀಟಿ ಇದ್ದ ಕಾಯಿಗಳಿಂದ ಏನೂ ಬರಲಿಲ್ಲ. "ಆ ನಾಟಿ ಗಿಡದಾಗ ಜೀವ ಇಲ್ಲ ಬಿಡು" ಎಂದು ದಫ್ತರದಲ್ಲಿ ಅದರ ಹೆಸರಿಗೆ ಗೀಟು ಎಳೆದರು.

ದಾದೀಮಾದಿಂದ ಸಾಹೇಬರ ಹೆಸರು ದೂರದೂರಕ್ಕೆ ಹೋಯಿತು. ಬೇರೆ ರಾಜ್ಯದವರು ಕಾರು ಮಾಡಿಕೊಂಡು ಬರುತ್ತಿದ್ದರು. ನನ್ನ ಮೇಲಧಿಕಾರಿಗಳು ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಪಕ್ಕದಲ್ಲಿ ನಾನೂ ಹಲ್ಲು ಕಿಸಿದು ನಿಂತಿದ್ದೇನೆ. ಆದರೆ ಸಾಹೇಬರಿಗೆ ಸಮಾಧಾನವಿರಲಿಲ್ಲ. ದಾದೀಮಾಗೆ ಒಂದು ಐಬಿತ್ತು, ಹೂ ಪೂರ್ತಿ ಅರಳಿದರೆ ಕುತ್ತಿಗೆ ಬಾಗುತ್ತಿತ್ತು. "ತಲಿ ಎತ್ತಿ ನಿಲ್ಲೂ ತಂಗಿ ಒಬ್ಬಾಕಿ ಬೇಕು" ಎಂದು ಮತ್ತೆ ಕೆಂಪಿ, ಮತ್ತೆ ಪುಣೆ. ಕೆಂಪಿಯ ಕಡ್ಡಿ ಹಚ್ಚಿ ಒಂದು ಸಾಲನ್ನೇ ಮಾಡಿದರು, ಪ್ರತಿ ಹಂಗಾಮಿಗೂ ನೂರಾರು ಹೂವು. ಪ್ರತಿ ಬೇಸಿಗೆಗೂ ಸಾಲು ಸಾಲು ಸಸಿ, ಅಂದದ ಹೂವು, ಒಂದಕ್ಕೂ ವಾಸನೆ ಇಲ್ಲ. ಮೂಸುವುದು, ತಲೆ ಅಲ್ಲಾಡಿಸುವುದು, ಕೀಳುವುದು. ನಾನು ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿರುತ್ತಿದ್ದೆ. ಕಿತ್ತ ಸಸಿಗಳನ್ನು ತಿಪ್ಪೆಗೆ ಸುರಿದು ಬರುತ್ತಿದ್ದೆ. ಆದರೂ ಹೇಳಲಿಲ್ಲ. ಮೊದಲು ನೌಕರಿಯ ಹೆದರಿಕೆ ಎಂದುಕೊಂಡೆ. ನೌಕರಿ ಗಟ್ಟಿಯಾದ ಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ವರ್ಷ ಹೋದಂತೆ ತಪ್ಪು ಹಳೆಯದಾಗುತ್ತದೆ ಎಂದು ತಿಳಿಯಬೇಡಿ. ಅದು ದೊಡ್ಡದಾಗುತ್ತದೆ.

ಒಂದು ಸಲ ಹೇಳಲು ಬಾಯಿ ತೆರೆದಿದ್ದೆ. ಆಗ ಅವರ ಮೈ ಕೆಟ್ಟಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ತಡಸದಲ್ಲಿ ಚಹಾಕ್ಕೆ ಇಳಿದೆವು. "ಸಾಹೇಬ್ರ, ದಾದೀಮಾದ ಆ ಚೀಟಿ ಅದಲ್ರಿ…" ಎಂದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ, "ಆ ಚೀಟಿ ಒಂದ ನೋಡಪಾ ನನ್ನ ಕಡೆ ಇರೂ ಖರೇ ಸಾಮಾನು. ಉಳದದ್ದೆಲ್ಲಾ ಅಂದಾಜು. ಅದು ಇಲ್ಲಂದ್ರ ನಾ ಯಾವಾಗೋ ಬಿಟ್ಟುಬಿಡ್ತಿದ್ದೆ" ಎಂದರು. ನಾನು ಎದ್ದು ಚಹಾದ ದುಡ್ಡು ಕೊಡಲು ಹೋದೆ. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಸಭೆಯ ಮರುದಿನ ಬೆಳಗ್ಗೆ ತೋಟಕ್ಕೆ ಹೋದೆ. ಶಮೀಮ್ ಕೆಂಪಿಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಮೊಗ್ಗಿನ ಪಕಳೆ ಕೀಳುತ್ತಿದ್ದಳು. ಪಕ್ಕದಲ್ಲಿ ಪುಣೆಯ ಪರಾಗದ ಡಬ್ಬಿ.

"ಬರ್ರಿ ಕಾಕಾ, ಕುಂಡ್ರಿ" ಎಂದಳು.

"ಕೈ ನಿಲ್ಲಸವ್ವಾ. ಒಂದು ಮಾತು ಹೇಳೂದೈತಿ."

ಹೇಳಿದೆ. ನಾರು, ಗಂಟು, ಬಿದ್ದ ಚೀಟಿ, ಗೌರವ್ವನ ಹಿತ್ತಲಿನ ವಾಸನೆ, ಒಂದನ್ನೂ ಬಿಡದೆ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಅಬ್ಬಾಗ ಹೇಳಿದ್ರೇನ್ರಿ?"

"ಇಲ್ಲವ್ವಾ."

"ನಿಮಗ ಯಾವಾಗಿಂದ ಗೊತ್ತಿತ್ತು?"

"ಮೊದಲ್ನೇ ಹೂ ಬಿಟ್ಟ ದಿನದಿಂದ."

"ಕಡೀ ವರ್ಸ ಅವರಿಗೆ ಬಗ್ಗಾಕ ಬರ್ತಿರಲಿಲ್ಲ. ನಾ ರಟ್ಟಿ ಹಿಡಕೊಂಡು ನಿಂದರಸ್ತಿದ್ದೆ, ಅವರು ಪರಾಗ ಮುಟ್ಟಸ್ತಿದ್ರು. ನೀವೂ ಇಲ್ಲೇ ಇದ್ರಿ. ನೋಡಿಕೋತ ನಿಂತಿದ್ರಿ." ಅವಳ ದನಿ ಏರಲಿಲ್ಲ. "ಇವತ್ತ ಹೋಗ್ರಿ ಕಾಕಾ. ನನಗ ನಿಮ್ಮ ಮಾರಿ ನೋಡಾಕ ಆಗವಲ್ದು."

ಬಂದೆ. ಎಂಟು ದಿನ ತೋಟದ ಕಡೆ ಹೋಗಲಿಲ್ಲ. ಒಂಬತ್ತನೇ ದಿನ ಅವಳ ಫೋನು. "ಹಾನಗಲ್ಲಿನ ಗಿಡ ಈಗ ಎಲ್ಲೈತಿ?" ಎಂದಷ್ಟೇ ಕೇಳಿದಳು.

ಗೌರವ್ವ ಇಲ್ಲ. ಆ ಮನೆ ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ, ಹಿತ್ತಲಿನ ಗುರುತೇ ಇಲ್ಲ. ಓಣಿಯಲ್ಲಿ ವಿಚಾರಿಸಿದಾಗ ಅವರ ಮಗಳು ಶಾಂತವ್ವನನ್ನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಕೊಟ್ಟಿದ್ದು ಗೊತ್ತಾಯಿತು. ಅಮ್ಮನ ಗಿಡದ ಒಂದು ಕಡ್ಡಿಯನ್ನು ಅವರು ಒಯ್ದು ಹಚ್ಚಿದ್ದರಂತೆ. ನಾನು ಮತ್ತು ಶಮೀಮ್ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಶಾಂತವ್ವನ ಬಾವಿಯ ಪಕ್ಕ ಗಿಡ ಪೊದೆಯಾಗಿ ಬೆಳೆದಿತ್ತು. "ಅವ್ವನ ಗಿಡ ಇದು. ದೇವರಿಗೆ ಎರಡು ತಗೊಂತೇನ್ರಿ, ಉಳದದ್ದು ಅಲ್ಲೇ ಇರತಾವ. ಈ ಸಣ್ಣ ಹೂ ಕಟಗೊಂಡು ನೀವೇನ್ ಮಾಡ್ತೀರಿ?" ಎಂದು ಶಾಂತವ್ವ ನಕ್ಕರು. ಶಮೀಮ್ ಬಾಗಿ ಒಂದು ಹೂವನ್ನು, ಕೀಳದೆ, ಮೂಸಿದಳು. ಮತ್ತೊಂದನ್ನು ಮೂಸಿದಳು. ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಶಾಂತವ್ವ ಗಾಬರಿಯಾಗಿ ನೀರು ತಂದರು. "ಏನಿಲ್ರಿ ಅಕ್ಕಾ," ಎಂದಳು ಶಮೀಮ್, "ಅಬ್ಬಾ ಒಂದ ಸಲ ಈ ಹೂ ಮೂಸಿದ್ರ ಸಾಕಿತ್ತು."

ನನಗೆ ಅಳು ಬರಲಿಲ್ಲ. ಅಳುವ ಹಕ್ಕೂ ನನಗಿಲ್ಲ ಅನ್ನಿಸಿತು. ಬಿರಿಯಲಿರುವ ಮೊಗ್ಗುಗಳಿಂದ ಕೇಸರ ಬಿಡಿಸಿ ಕಾಗದದಲ್ಲಿ ಕಟ್ಟಿಕೊಂಡು ಬಂದೆವು. ಅವಳು ಎರಡು ದಿನ ನೆರಳಿನಲ್ಲಿ ಒಣಗಿಸಿದಳು. ಮೂರನೇ ದಿನ ಬೆಳಗ್ಗೆ ಆರಕ್ಕೆ ಬರಲು ಹೇಳಿದಳು.

ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದ್ದೇನೆ. "ಬರೀರಿ. ನಿಮ್ಮನ್ನ ಚಲೋ ಮಾಡಿ ಬರೀಬ್ಯಾಡ್ರಿ" ಎಂದಳು. ಕೂಸು ತಲೆ ಎತ್ತಿ ನಿಲ್ಲುತ್ತದೋ ಇಲ್ಲವೋ ಗೊತ್ತಾಗಲು ಇನ್ನೂ ವರ್ಷಗಳು ಬೇಕು. ಹೂವೇ ಬರಲಿಕ್ಕಿಲ್ಲ. ಆದರೆ ಆ ಬೆಳಗಿನ ಕೆಲಸ ಮಾತ್ರ ಸರಿಯಾಗಿ ಆಯಿತು. ಕೆಂಪಿಯ ಮೊಗ್ಗುಗಳನ್ನು ಹಿಂದಿನ ದಿನವೇ ಸಿದ್ಧಮಾಡಿದ್ದಳು. ಬೆರಳಿಗೆ ಹಳದಿ ಪುಡಿ ಹಚ್ಚಿಕೊಂಡು ಮೊದಲ ಹೂವಿಗೆ ಮುಟ್ಟಿಸಿದಳು, ಕೊಟ್ಟೆ ಹಾಕಿದಳು. ವರ್ಷಗಳ ಅಭ್ಯಾಸ ನೋಡಿ, ನನ್ನ ಕೈ ತಾನಾಗಿ ಚೀಟಿಯ ಕಟ್ಟಿನ ಕಡೆ ಹೋಯಿತು. ಅವಳು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಚೀಟಿ ನಾ ಕಟ್ತೇನಿ ಕಾಕಾ. ನೀವು ತಂದಿ ಹೆಸರು ಹೇಳ್ರಿ."

"ಹಾನಗಲ್" ಎಂದೆ.

ಬರೆದಳು. ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ.